ಬಾಗಲಕೋಟೆಯ ಪಾಲಕರೊಬ್ಬರು ಗಿಟಾರಿನ ಫೋಟೋ ಕಳಿಸಿ ಕೇಳ್ಯಾರ: ಮಗಳಿಗೆ ಎಫ್ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಒತ್ತುವ ಹಿಡಿತ) ಒತ್ತಲಿಕ್ಕೆ ಆಗ್ತಿಲ್ಲ, ಬೆರಳು ನೋಯ್ತಾವ, ಭುಜ ಮೇಲೇರ್ತದ, ಬೇರೆ ಗಿಟಾರ್ ತಗೋಬೇಕಾ?

ಬೆರಳು ನೋಯೋದಕ್ಕೆ ಬಹುಶಃ ತಂತಿಗಳ ಎತ್ತರವೇ ಕಾರಣ. ಭುಜ ಮೇಲೇರೋದು ನೋಡಿದರೆ 12 ವರ್ಷದ ಹುಡುಗಿಗೆ ಈಗಿರೋ ಅಗಲ ಒಡಲಿನ ಗಿಟಾರ್, ಅಂದರೆ ಡ್ರೆಡ್‌ನಾಟ್ ದೊಡ್ಡದೂ ಆಗಿರಬಹುದು. ಎತ್ತರ ಫೋಟೋದಾಗ ತಿಳಿಯೋದಿಲ್ಲ, ಅಳೆದೇ ನೋಡ್ರಿ. 12ನೇ ಫ್ರೆಟ್ (ಗಿಟಾರಿನ ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಸ್ಕೇಲ್ ನಿಲ್ಲಿಸ್ರಿ. ದಪ್ಪ ತಂತಿಯ ಕೆಳಗ 2.5 ಮಿ.ಮೀ. ಇದ್ದರೆ ಸರಿ, 3 ದಾಟಿದ್ದರೆ ರಿಪೇರಿಯವರ ಕಡೆ ತಂತಿ ಕೂರುವ ಪಟ್ಟಿ, ಅಂದರೆ ಸ್ಯಾಡಲ್‌ ತಳ ಉಜ್ಜಿಸಿ, 10 ಗೇಜಿನ ತೆಳು ತಂತಿ ಹಾಕಿಸ್ರಿ. ಅಷ್ಟಕ್ಕೇ ಕೈ ಹಗುರಾದರೆ ಹೊಸದು ಬೇಡವೇ ಬೇಡ.

ಭುಜ ಆಮೇಲೂ ಏರುತ್ತಿದ್ದರೆ ಬೆಳಗಾವಿಯಲ್ಲಿ ಕನ್ಸರ್ಟ್ ಅಳತೆಯ ಚಿಕ್ಕ ಗಿಟಾರ್ ನೋಡ್ರಿ, ಮಗಳನ್ನ ಕರಕೊಂಡೇ ಹೋಗ್ರಿ. ಅವಳೇ ಕೂತು ಎಫ್ ಒತ್ತಲಿ. ನೀವು ಗಿಟಾರಿನ ಕುತ್ತಿಗೆಯ ಅಂಚಿಗೆ ಬೆರಳು ಸವರ್ರಿ: ಫ್ರೆಟ್ ತುದಿ ಚುಚ್ಚಿದರೆ ಕಟ್ಟಿಗೆ ಒಣಗಿ ಕುಗ್ಗಿದೆ, ಬಾಗಲಕೋಟೆಯ ಬಿಸಿಲಿಗೆ ಇನ್ನಷ್ಟು ಚುಚ್ಚುತ್ತದೆ. ಅಂಥದ್ದು ಬಿಟ್ಟುಬಿಡ್ರಿ.