ಸಿನಿಮಾ ಹಾಡು ಬಿಟ್ಟು ಏನು ಕೇಳೋದು ಅಂದ್ರೆ

ಸಿನಿಮಾ ಹಾಡು ಸಾಕಾಗಿದೆ, ಒಂದೇ ಥರದ್ದಲ್ಲದ, ಜಾಸ್ತಿ ಜನ ಕೇಳದ ನಮ್ಮ ದೇಶದ ಆಲ್ಬಂ ಹೇಳಿ ಅಂತ ಕೇಳಿದ್ದೀರಿ. ನನ್ನ ಮೊದಲ ಆಯ್ಕೆ 'ಜ್ಯೋತಿ', 1983ರದ್ದು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಮಾಡಿದ್ದು. ಹೊರತಂದಿದ್ದು ಜರ್ಮನಿಯ ಇಸಿಎಂ ಕಂಪನಿ. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ. ಫ್ಯೂಷನ್ ಅಂದ ಕೂಡಲೇ ಕೀಬೋರ್ಡ್ ಗದ್ದಲ ನೆನಪಾಗುತ್ತೆ ಅಲ್ವಾ, ಇದರಲ್ಲಿ ಅದಿಲ್ಲ. ಮರಿಯಾನೊ ಎಷ್ಟೋ ಕಡೆ ಹಿಂದೆ ಸರಿದು ದನಿಗೆ ಜಾಗ ಬಿಡುತ್ತಾರೆ. ಬೆಂಗಳೂರಿನವರಿಗೇ ಈ ರೆಕಾರ್ಡ್ ಗೊತ್ತಿಲ್ಲ ಅನ್ನೋದು ನನಗೆ ಸ್ವಲ್ಪ ಬೇಜಾರು. ಇಯರ್‌ಫೋನ್ ಹಾಕಿಕೊಂಡೇ ಕೇಳಿ.

ಕುಣಿಯೋ ಮೂಡ್ ಇದ್ದರೆ ಚರಣ್‌ಜಿತ್ ಸಿಂಗ್ ಅವರ 1982ರ ಆಲ್ಬಂ, 'ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್'. ಬಾಂಬೆಯ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು, ರೋಲ್ಯಾಂಡ್ ಕಂಪನಿಯ ಸಿಂಥಸೈಜರ್ ಮತ್ತು ಡ್ರಮ್ ಮಷಿನ್ ಮೇಲೆ ಭೈರವಿ, ಲಲಿತ್ ಥರದ ರಾಗ ನುಡಿಸಿದ್ದಾರೆ. ಆಗ ಅದನ್ನು ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮತ್ತೆ ಬಂದಾಗ, ಅರೇ ಇದು ಷಿಕಾಗೊದ ಆಸಿಡ್ ಹೌಸ್ ಅನ್ನೋ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತಕ್ಕಿಂತ ಹಳೇದು ಅಂತ ಜನ ತಲೆ ಕೆಡಿಸಿಕೊಂಡರು! ಒಂದೇ ಸಲಕ್ಕೆ ಹತ್ತೂ ಕೇಳಬೇಡಿ, ತಾಳ ಒಂದೇ ಥರ ಅನ್ನಿಸುತ್ತೆ.

ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ 'ಕಿನ್ಸ್‌ಮೆನ್' (2008) ಕೂಡ ಇದೆ, ಎರಡು ಸ್ಯಾಕ್ಸೊಫೋನ್. ಹಿಂದೂಸ್ತಾನಿ ಬೇಕಿದ್ದರೆ ಸುಮ್ನೆ ಗಾಯಕ ಬಸವರಾಜ ರಾಜಗುರು ಅಂತ ಹುಡುಕಿ, ಯಾವುದು ಸಿಕ್ಕರೂ ಸರಿ.