ಗೆಳೆಯರ ಗುಂಪು ಕಟ್ಟಿಕೊಂಡು ತಿನ್ನಲು ಹೊರಟರೆ ಎರಡನೇ ಅಂಗಡಿಗೇ ಹೊಟ್ಟೆ ತುಂಬುತ್ತದೆ, ಏನು ಮಾಡೋಣ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಏಳು ಜನ ಗೆಳೆಯರು, ರಜೆಯ ದಿನ ಸಣ್ಣಪುಟ್ಟ ಹೋಟೆಲು, ತಿಂಡಿ ಗಾಡಿ, ಆಹಾರ ಮೇಳ ಸುತ್ತುವ ಆಸೆ. ಆದರೆ ಎರಡನೇ ಅಂಗಡಿಗೇ ಹೊಟ್ಟೆ ಬಿರಿಯುತ್ತದೆ, ಕೊನೆಗೆ ದುಡ್ಡಿನ ಲೆಕ್ಕದಲ್ಲಿ ಮುಖ ಗಂಟಾಗುತ್ತದೆ, ಮರುದಿನ ಒಬ್ಬರಿಗಾದರೂ ಹೊಟ್ಟೆ ಕೆಟ್ಟಿರುತ್ತದೆ.

ಮೊದಲ ಎರಡು ತೊಂದರೆಗೆ ಮೂಲ ಒಂದೇ: ತಲೆಗೊಂದು ಪ್ಲೇಟ್ ಹೇಳುವುದು. ಅದನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಲೆಕ್ಕ ನೋಡಿ. ದೊಡ್ಡವರ ಹೊಟ್ಟೆ ನೀರೂ ಸೇರಿ ಸುಮಾರು ಒಂದು ಲೀಟರಿನಷ್ಟನ್ನು ನೆಮ್ಮದಿಯಾಗಿ ಹಿಡಿಯುತ್ತದೆ. ಕಾಲು ಭಾಗ ನೀರಿಗೆ ಬಿಟ್ಟರೆ ಉಳಿಯುವುದು ಮುಕ್ಕಾಲು ಲೀಟರ್, ಅಂದಾಜು 750 ಗ್ರಾಂ. ಒಂದು ಪ್ಲೇಟ್ ತಿಂಡಿ 250ರಿಂದ 300 ಗ್ರಾಂ ಇದ್ದರೆ ಎರಡೂವರೆ ಪ್ಲೇಟಿಗೆ ಆಟ ಮುಗಿಯಿತು. ಅದರ ಬದಲು ನಾಲ್ಕು ಜನಕ್ಕೆ ಎರಡು ಬೇರೆ ಬೇರೆ ಪ್ಲೇಟ್ ಹೇಳಿ. ಒಬ್ಬೊಬ್ಬರಿಗೆ 140 ಗ್ರಾಂ ಆಸುಪಾಸು ಸಿಗುತ್ತದೆ, ಎರಡು ರುಚಿ ನೋಡಿದಂತಾಗುತ್ತದೆ, ಐದು ಅಂಗಡಿ ಆರಾಮವಾಗಿ ದಾಟಬಹುದು. ಮೂವರಿದ್ದರೆ ಒಂದು ಕಡೆ ಒಂದು ಪ್ಲೇಟ್, ಮುಂದಿನ ಕಡೆ ಎರಡು. ಇನ್ನೊಂದು ತುತ್ತು ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುವಾಗಲೇ ಎದ್ದುಬಿಡಬೇಕು. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಎರಡು ಅಂಗಡಿಗಳ ನಡುವೆ ಹತ್ತು ನಿಮಿಷದ ನಡಿಗೆ ಇರುವಂತೆ ದಾರಿ ಹಾಕಿಕೊಳ್ಳಿ. ಪಕ್ಕಪಕ್ಕದ ಅಂಗಡಿಗಳಲ್ಲಿ ಒಂದರ ಹಿಂದೊಂದು ಕೂತರೆ ಮೂರನೆಯದರಲ್ಲಿ ಒಮ್ಮೆಲೇ ಭಾರ ಬಡಿಯುತ್ತದೆ.

ಪಾಲು ಮಾಡುವುದು ಪ್ಲೇಟ್ ಬಂದ ತಕ್ಷಣ, ಎಂಜಲಾಗುವ ಮೊದಲು. ಅದಕ್ಕೆ ತಲೆಗೊಂದು ಚಮಚ, ಮನೆಯಿಂದ ತಂದ ನಾಲ್ಕು ಸಣ್ಣ ಬಟ್ಟಲು ಸಾಕು. ಆಮೇಲೆ ಹಂಚೋಣ ಎಂದರೆ ಮೇಲಿನ ಗರಿಗರಿ ಒಬ್ಬರ ಪಾಲಾಗಿ, ತಳದ ಮೆತ್ತನೆಯದು ಇನ್ನೊಬ್ಬರಿಗೆ ಉಳಿಯುತ್ತದೆ.

ಏಳು ಜನ ಒಂದೇ ಗುಂಪಾಗಿ ಹೋಗಬೇಡಿ, ನಾಲ್ಕು ಮತ್ತು ಮೂರಾಗಿ ಒಡೆಯಿರಿ. ಸಣ್ಣ ಹೋಟೆಲಿನಲ್ಲಿ ಏಳು ಜನಕ್ಕೆ ಒಟ್ಟಿಗೆ ಜಾಗ ಸಿಗುವುದೇ ಅಪರೂಪ. ಸಿಕ್ಕರೂ ಮಾತು ಹೇಗೂ ಎರಡಾಗಿ ಒಡೆಯುತ್ತದೆ. ಒಂದೇ ಮಾತುಕತೆ ಸಾಮಾನ್ಯವಾಗಿ ನಾಲ್ಕು ಜನಕ್ಕಿಂತ ಹೆಚ್ಚು ಮಂದಿಯನ್ನು ಹಿಡಿದಿಡುವುದಿಲ್ಲ ಎಂದು ಮನೋವಿಜ್ಞಾನಿ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 1995ರಲ್ಲೇ ತೋರಿಸಿದ್ದಾರೆ. ಎರಡು ತಂಡ ಎದುರುಬದುರು ದಿಕ್ಕಿನಿಂದ ಸುತ್ತಿ ಮಧ್ಯದಲ್ಲಿ ಸೇರಿದರೆ ಇನ್ನೊಂದು ಲಾಭವಿದೆ: ಯಾವುದು ಚೆನ್ನಾಗಿದೆ, ಯಾವುದು ದಂಡ ಎಂಬ ಸುದ್ದಿ ಇಬ್ಬರಿಗೂ ಸಿಗುತ್ತದೆ.

ಇಲ್ಲಿ ಅಂಗಡಿಯವರ ಕಷ್ಟವನ್ನೂ ಹೇಳಬೇಕು. ಐದೇ ಮೇಜಿರುವ ಹೋಟೆಲಿನಲ್ಲಿ ಊಟದ ಹೊತ್ತಿಗೆ ನುಗ್ಗಿ, ಎರಡು ಪ್ಲೇಟ್ ಹೇಳಿ, ಮುಕ್ಕಾಲು ಗಂಟೆ ಹರಟೆ ಹೊಡೆಯುವುದು ಅನ್ಯಾಯ. ಜನಸಂದಣಿ ಏರುವ ಅರ್ಧ ಗಂಟೆ ಮೊದಲೇ ಹೋಗಿ, ಇಲ್ಲವೇ ನಿಂತು ತಿನ್ನುವ ಜಾಗ ಆರಿಸಿ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಒಲೆ ಆರಿಸುವ ಹೋಟೆಲುಗಳು ಬಹಳ. ಬಾಗಿಲು ಮುಚ್ಚುವ ಸಮಯವನ್ನಲ್ಲ, ಕೊನೆಯ ಆರ್ಡರ್ ಎಷ್ಟು ಹೊತ್ತಿಗೆ ಎಂಬುದನ್ನು ಫೋನ್ ಮಾಡಿ ಕೇಳಿಕೊಳ್ಳಿ. ಹಂಚಿಕೊಂಡು ತಿನ್ನುವಂತಿಲ್ಲ ಎಂದು ಬೋರ್ಡ್ ಇದ್ದರೆ ವಾದ ಬೇಡ, ಮುಂದಿನ ಅಂಗಡಿ.

ಅಂಗಡಿ ಆರಿಸುವಾಗ ಇಂಟರ್ನೆಟ್ಟಿನ ಐದು ನಕ್ಷತ್ರಗಳನ್ನು ನಾನು ನಂಬುವುದಿಲ್ಲ, ಒಂದು ನಕ್ಷತ್ರವನ್ನೂ ನಂಬುವುದಿಲ್ಲ. ಮೂರು ಕೊಟ್ಟವರು ಏನು ಬರೆದಿದ್ದಾರೆ ಓದಿ, ಅದೂ ಇತ್ತೀಚಿನದು. ಅಡುಗೆಯವರು ಬದಲಾದರೆ ಹಳೆಯ ಹೊಗಳಿಕೆಗೆ ಬೆಲೆಯಿಲ್ಲ. ಗಿರಾಕಿಗಳು ಹಾಕಿದ ಫೋಟೋಗಳಲ್ಲಿ ರುಚಿ ಕಾಣದಿದ್ದರೂ ಪ್ಲೇಟಿನ ಪ್ರಮಾಣ ಕಾಣುತ್ತದೆ, ಎಷ್ಟು ಜನಕ್ಕೆ ಎಷ್ಟು ಹೇಳಬೇಕು ಎಂಬ ಅಂದಾಜು ಅಲ್ಲೇ ಸಿಗುತ್ತದೆ. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಎಂಬತ್ತು ಬಗೆ ಇರುವ ಪುಟ್ಟ ಅಡುಗೆಮನೆಯಲ್ಲಿ ಬಹಳಷ್ಟು ನಿನ್ನೆಯದೋ ಫ್ರಿಜ್ಜಿನದೋ ಆಗಿರಲೇಬೇಕು.

ಒಳಗೆ ಹೋದಮೇಲೆ "ಏನು ಚೆನ್ನಾಗಿದೆ?" ಎಂದು ಕೇಳಬೇಡಿ. "ಎಲ್ಲಾ ಚೆನ್ನಾಗಿದೆ" ಎಂಬುದೊಂದೇ ಅದಕ್ಕಿರುವ ಉತ್ತರ. "ಈಗ ಒಲೆಯಿಂದ ಯಾವುದು ಇಳೀತಿದೆ?" "ದಿನಾ ಮೊದಲು ಖಾಲಿಯಾಗೋದು ಯಾವುದು?" ಎಂದು ಕೇಳಿ, ನಿಜವಾದ ಉತ್ತರ ಬರುತ್ತದೆ.

ತಿನ್ನುವ ಕ್ರಮಕ್ಕೂ ಅರ್ಥವಿದೆ. ಸಪ್ಪೆಯಾದದ್ದು, ನವಿರು ರುಚಿಯದು ಮೊದಲು. ಖಾರ ಆಮೇಲೆ. ಸಿಹಿ ಕೊನೆಗೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ನಾಲಿಗೆಗೆ ಹತ್ತಿತೆಂದರೆ ಮುಂದಿನ ಕಾಲು ಗಂಟೆ ಸೂಕ್ಷ್ಮ ರುಚಿ ಯಾವುದೂ ತಿಳಿಯುವುದಿಲ್ಲ. ಅದು ನೀರಿನಲ್ಲಿ ಕರಗದು, ನೀರು ಕುಡಿದರೆ ಉರಿ ಬಾಯಿತುಂಬ ಹರಡುತ್ತದೆ ಅಷ್ಟೆ. ಹಾಲು ಅಥವಾ ಮೊಸರು ಕೆಲಸಕ್ಕೆ ಬರುತ್ತದೆ, ಅದರಲ್ಲಿರುವ ಕೇಸೀನ್ ಎಂಬ ಪ್ರೋಟೀನು ಖಾರವನ್ನು ಅಂಟಿಸಿಕೊಂಡು ಎಳೆದೊಯ್ಯುತ್ತದೆ. ಎರಡು ಕರಿದ ಪದಾರ್ಥ ಒಂದರ ಮೇಲೊಂದು ಬೇಡ, ನಡುವೆ ಹುಳಿಯದೋ ಹಬೆಯಲ್ಲಿ ಬೆಂದದ್ದೋ ಇರಲಿ. ಒಂದೇ ಬಗೆಯ ರುಚಿಗೆ ನಾಲಿಗೆ ಬೇಗ ಬೇಸರಪಟ್ಟು, ಬೇರೆ ರುಚಿ ಕಂಡೊಡನೆ ಮತ್ತೆ ಹಸಿದಂತೆ ನಟಿಸುತ್ತದೆ. ಮೇಳದಲ್ಲಿ ಜನ ಮಿತಿ ಮೀರಿ ತಿನ್ನುವುದು ಇದರಿಂದಲೇ. ಆದ್ದರಿಂದ ಎಷ್ಟು ಪ್ಲೇಟ್ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಿ.

ಮೇಳದ ಲೆಕ್ಕಾಚಾರವೇ ಬೇರೆ. ಬಾಗಿಲು ತೆರೆದ ಕೂಡಲೇ ಹೋದರೆ ಒಲೆ, ಎಣ್ಣೆ ಇನ್ನೂ ಸರಿಯಾಗಿ ಕಾದಿರುವುದಿಲ್ಲ, ಮೊದಲ ಸರದಿಯ ತಿಂಡಿ ಎಣ್ಣೆ ಕುಡಿದಿರುತ್ತದೆ. ಕೊನೆಯ ಗಂಟೆಯಲ್ಲಿ ಬೆಲೆ ಇಳಿದರೂ ಸಿಗುವುದು ಹೊತ್ತಿನಿಂದ ಕೂತದ್ದು. ತೆರೆದು ಮುಕ್ಕಾಲು ಗಂಟೆಯಾದಾಗ ಒಳಗಿದ್ದರೆ ಸರಿ. ಮೊದಲು ಏನನ್ನೂ ಕೊಳ್ಳದೆ ಒಂದು ಸುತ್ತು ಬನ್ನಿ, ಇಪ್ಪತ್ತು ನಿಮಿಷ ಸಾಕು. ಘಮಕ್ಕೆ ಸೋತು ಮೊದಲ ಮಳಿಗೆಯಲ್ಲೇ ದುಡ್ಡು ಬಿಚ್ಚಿದವರು ಆಮೇಲೆ ಕೈ ಹಿಸುಕಿಕೊಳ್ಳುತ್ತಾರೆ.

ಸಾಲಿನ ಉದ್ದ ನೋಡಿ ಹೆದರಬೇಡಿ, ಅದು ಚಲಿಸುವ ವೇಗ ನೋಡಿ. ಐದು ನಿಮಿಷದಲ್ಲಿ ಎಷ್ಟು ಜನ ಪ್ಲೇಟ್ ಹಿಡಿದು ಹೊರಬಂದರು ಎಂದು ಎಣಿಸಿ. ಹತ್ತು ಜನ ಬಂದರೆ ನಿಮಿಷಕ್ಕೆ ಇಬ್ಬರು. ಮುಂದೆ ನಲವತ್ತು ಜನ ಇದ್ದರೆ ಇಪ್ಪತ್ತು ನಿಮಿಷ. ಹದಿನೈದೇ ಜನರಿದ್ದೂ ಕದಲದ ಸಾಲು ಇದಕ್ಕಿಂತ ಕೆಟ್ಟದ್ದು. ನಾಲ್ವರ ತಂಡದಲ್ಲಿ ಇಬ್ಬರು ಬೇರೆ ಬೇರೆ ಸಾಲಿನಲ್ಲಿ ನಿಲ್ಲಲಿ, ಒಬ್ಬರು ಕೂರುವ ಜಾಗ ಹಿಡಿಯಲಿ, ಇನ್ನೊಬ್ಬರು ನೀರು ತರಲಿ. ಆದರೆ ಎರಡೂ ಸಾಲಿನ ತಿಂಡಿ ಒಂದೇ ಹೊತ್ತಿಗೆ ಕೈಗೆ ಬರುವಂತಿರಬೇಕು. ಕರಿದದ್ದು ಐದಾರು ನಿಮಿಷದಲ್ಲೇ ಒಳಗಿನ ಹಬೆಗೆ ಮೆತ್ತಗಾಗುತ್ತದೆ, ಡಬ್ಬಿಯ ಮುಚ್ಚಳ ಹಾಕಿದರಂತೂ ಇನ್ನೂ ಬೇಗ. ಮುಚ್ಚಳ ತೆರೆದೇ ತನ್ನಿ.

ಕೂಪನ್ ಪದ್ಧತಿ ಇದ್ದರೆ ಮೊದಲ ಸಲ ಎರಡು ಮಳಿಗೆಗೆ ಆಗುವಷ್ಟು ಮಾತ್ರ ಕೊಳ್ಳಿ. ಉಳಿದ ಕೂಪನ್ನಿಗೆ ದುಡ್ಡು ವಾಪಸ್ ಕೊಡುತ್ತಾರೋ ಇಲ್ಲವೋ ಎಂಬುದನ್ನು ಕೌಂಟರಿನಲ್ಲಿ ಕೊಳ್ಳುವ ಮೊದಲು ಕೇಳಬೇಕು, ಆಮೇಲಲ್ಲ. ಜನಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುವುದು ಮಾಮೂಲು, ಪಾವತಿಯೂ ಅದರ ಜೊತೆಗೇ ನಿಲ್ಲುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ, ತಪ್ಪಿಸಿಕೊಂಡರೆ ಸೇರುವ ಜಾಗ ಮತ್ತು ಸಮಯವನ್ನು ಮೊದಲೇ ಹೇಳಿಕೊಂಡಿರಿ.

ದುಡ್ಡಿನ ವಿಷಯಕ್ಕೆ ಬರೋಣ. ಬೇಕಾದ್ದು ತಿಂದು ಕೊನೆಗೆ ಸಮನಾಗಿ ಹಂಚಿಕೊಳ್ಳುವುದು ಜಗಳಕ್ಕೆ ರಾಜಮಾರ್ಗ. ಅರ್ಥಶಾಸ್ತ್ರಜ್ಞ ಉರಿ ಗ್ನೀಜಿ ಮತ್ತು ಇಬ್ಬರು ಸಹಲೇಖಕರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಲ್ಲು ಸಮಪಾಲು ಎಂದು ಮೊದಲೇ ತಿಳಿಸಿದ ಗುಂಪಿನವರು, ತಮ್ಮ ತಮ್ಮ ಬಿಲ್ಲು ತಾವೇ ಕೊಟ್ಟವರಿಗಿಂತ ಹೆಚ್ಚು ಮೊತ್ತದ ತಿಂಡಿ ತರಿಸಿದ್ದರು. ಕೊಡುವುದು ಹೇಗೂ ಎಲ್ಲರೂ ಎಂದಾಗ ಕೈ ಸಡಿಲವಾಗುವುದು ಸಹಜ, ಅದು ಸ್ನೇಹದ ಕೊರತೆಯಲ್ಲ. ಪ್ಲೇಟುಗಳೆಲ್ಲ ಹಂಚಿಕೆಯವೇ ಆದಾಗ ಸಮಪಾಲು ನಿಜಕ್ಕೂ ನ್ಯಾಯವಾಗುತ್ತದೆ. ಹೊರಡುವ ಮೊದಲೇ ಎಲ್ಲರಿಂದ ಇಷ್ಟಿಷ್ಟು ಸೇರಿಸಿ ಒಬ್ಬರ ಕೈಗೆ ಕೊಡಿ, ಎಲ್ಲ ಬಿಲ್ಲೂ ಅದರಿಂದಲೇ. ಮುಗಿದರೆ ಸುತ್ತಾಟವೂ ಮುಗಿಯಿತು. ಮಾಂಸ ತಿನ್ನದವರು, ಮದ್ಯ ಕುಡಿಯದವರು ಇದ್ದರೆ ಆ ಬಾಬ್ತು ಪ್ರತ್ಯೇಕ, ಅದನ್ನು ಸಾಮಾನ್ಯ ನಿಧಿಗೆ ತರಲೇಬೇಡಿ.

ಇನ್ನು ಹೊಟ್ಟೆ ಕೆಡುವುದು. ಇಲ್ಲಿ ಜನ ನೋಡುವುದು ಒಂದು, ನೋಡಬೇಕಾದ್ದು ಇನ್ನೊಂದು. ಗೋಡೆ ಹಳೆಯದೋ ಹೊಸದೋ ಎಂಬುದು ಮುಖ್ಯವಲ್ಲ, ಬೆಂದ ಆಹಾರ ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಕೂತಿದೆ ಎಂಬುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸರಳ: ಬಿಸಿಯದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು, ನಡುವಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ಥರ್ಮಾಮೀಟರ್ ಹಿಡಿದು ಹೋಗಬೇಕಿಲ್ಲ. ಪಾತ್ರೆಯಿಂದ ಹಬೆ ಏಳುತ್ತಿದೆಯೇ, ತಟ್ಟೆ ಕೈಗೆ ಸುಡುವಂತಿದೆಯೇ ನೋಡಿ. ಉಗುರುಬೆಚ್ಚಗಿದ್ದರೆ ಬಿಡಿ.

ಮತ್ತೆ ಬಿಸಿ ಮಾಡಿಸಿದರೆ ಆಯಿತಲ್ಲ ಎನ್ನುತ್ತಾರೆ. ಎಲ್ಲದಕ್ಕೂ ಆಗದು. ಬೆಂದ ಅನ್ನ ಹೊತ್ತು ಕೂತರೆ ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್, ಕೈಯಿಂದ ಬರುವ ಸ್ಟ್ಯಾಫಿಲೊಕಾಕಸ್ ಎಂಬ ಎರಡೂ ಬ್ಯಾಕ್ಟೀರಿಯಾಗಳು ಬಿಡುವ ವಾಂತಿಕಾರಕ ವಿಷ ಕಾಯಿಸಿದರೂ ಉಳಿಯುತ್ತದೆ. ದುಡ್ಡು ಮುಟ್ಟಿದ ಕೈಯಲ್ಲೇ ತಿಂಡಿ ಹಾಕುವ ಕಡೆ, ನೆಂಚಿಕೊಳ್ಳಲು ಇಟ್ಟ ಹಸಿ ಸಾಸು ದಿನವಿಡೀ ತೆರೆದ ಬಟ್ಟಲಲ್ಲಿರುವ ಕಡೆ ನಿಲ್ಲಬೇಡಿ. ಐಸ್ ತಣ್ಣಗಿದ್ದ ಮಾತ್ರಕ್ಕೆ ಶುದ್ಧವಲ್ಲ, ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಎಣ್ಣೆ ಕಪ್ಪಗಾಗಿ, ಸಣ್ಣ ನೊರೆ ಕಟ್ಟಿ, ಕಾಯುವ ಮೊದಲೇ ಹೊಗೆಯಾಡಿದರೆ ಅದರ ಆಯಸ್ಸು ಮುಗಿದಿದೆ. ನಿಮ್ಮ ಕೈಗೆ ಸೋಪು, ನೀರು, ಇಪ್ಪತ್ತು ಸೆಕೆಂಡು ಬೇಕು. ವಾಂತಿಭೇದಿ ತರುವ ನೊರೊವೈರಸ್ ಮೇಲೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಗುಂಪಿನಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ "ಇದರಲ್ಲಿ ಶೇಂಗಾ ಇದೆಯಾ?" ಎಂಬ ಒಂದು ಪ್ರಶ್ನೆ ಸಾಲದು. "ಇದೇ ಎಣ್ಣೆಯಲ್ಲಿ ಬೇರೆ ಏನೇನು ಕರೀತೀರಿ? ಸೌಟು ಬೇರೆ ಇದೆಯಾ?" ಎಂದೂ ಕೇಳಬೇಕು. ಕಾಯಿಸಿದರೆ ಶೇಂಗಾ ಅಲರ್ಜಿಯ ಅಂಶ ಹೋಗುವುದಿಲ್ಲ. ವೈದ್ಯರು ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದು ಆ ವ್ಯಕ್ತಿಯ ಬಳಿಯೇ ಇರಬೇಕು, ಗಾಡಿಯಲ್ಲಿ ಅಲ್ಲ.

ಇಷ್ಟಾದರೂ ಹೊಟ್ಟೆ ಕೆಟ್ಟರೆ ಕೊನೆಯ ಅಂಗಡಿಯ ಮೇಲೆ ಗೂಬೆ ಕೂರಿಸಬೇಡಿ. ಸ್ಟ್ಯಾಫಿಲೊಕಾಕಸ್ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆರು ಗಂಟೆಯಿಂದ ಆರು ದಿನದವರೆಗೂ ತೆಗೆದುಕೊಳ್ಳಬಹುದು. ಎರಡು ದಿನ ಮೊದಲು ಮನೆಯಲ್ಲಿ ತಿಂದದ್ದೂ ಕಾರಣವಾಗಿರಬಹುದು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈಅಂದಾಜು ಬೇಡ. ಗುಟುಕು ಗುಟುಕಾಗಿ ಕುಡಿಯಿರಿ. ಭೇದಿಯಲ್ಲಿ ರಕ್ತ, 39 ಡಿಗ್ರಿ ಆಸುಪಾಸಿನ ಜ್ವರ, ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗುವುದು, ಮೂರು ದಿನ ದಾಟಿದ ಭೇದಿ, ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ.