ಮರದರಿಶಿನದ ಬಳ್ಳಿ: ‘ಮಾಹಿತಿ ಸಾಲದು’ ಎಂದರೆ ಕ್ಷೇಮ ಎಂದಲ್ಲ

ಓದುಗರ ಪತ್ರ: ನಮ್ಮ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ) ಮರದರಿಶಿನದ ನಾಲ್ಕು ಬಳ್ಳಿಗಳಿವೆ. ಅದು ಅಳಿವಿನಂಚಿನ ಸಸ್ಯ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಅದಕ್ಕೆ ‘ಮಾಹಿತಿ ಸಾಲದು’ ಎಂದಷ್ಟೇ ಇದೆ ಅನ್ನುತ್ತಾನೆ ನನ್ನ ಮಗ. ಬಳ್ಳಿ ಕೊಡುತ್ತೀರಾ ಎಂದು ಕೇಳಿಕೊಂಡು ಒಬ್ಬರು ಎರಡು ಸಲ ಬಂದು ಹೋಗಿದ್ದಾರೆ. ಯಾವ ಮಾತು ನಂಬಲಿ? – ಶಿರಸಿ ಸೀಮೆಯ ಓದುಗರು

ಸಂಪಾದಕರ ಉತ್ತರ: ನಿಮ್ಮ ಮಗ ಓದಿದ್ದು ಸರಿಯಾಗಿಯೇ ಇದೆ. ಆದರೆ ‘ಮಾಹಿತಿ ಸಾಲದು’ ಎಂದರೆ ಅಪಾಯವಿಲ್ಲ ಎಂದಲ್ಲ, ಅಪಾಯ ಎಷ್ಟೆಂದು ಹೇಳುವಷ್ಟು ಲೆಕ್ಕ ಸಿಕ್ಕಿಲ್ಲ ಎಂದು. ಈ ಔಷಧಿ ಬಳ್ಳಿ, ಸಸ್ಯಶಾಸ್ತ್ರದ ಹೆಸರಿನಲ್ಲಿ ಕೊಸ್ಸಿನಿಯಂ ಫೆನೆಸ್ಟ್ರೇಟಂ, ನಮ್ಮ ಪಶ್ಚಿಮಘಟ್ಟದಿಂದ ಶ್ರೀಲಂಕಾ ದಾಟಿ ಆಗ್ನೇಯ ಏಷ್ಯಾದ ಕಾಡುಗಳವರೆಗೂ ಹಬ್ಬಿದೆ. ಅಷ್ಟು ದೇಶಗಳ ಕಾಡು ಸುತ್ತಿ ಎಣಿಸಿದವರು ಯಾರು? ನಮ್ಮ ಕಡೆ ಮಾತ್ರ ಬಲ್ಲವರು ಕೂತು ಲೆಕ್ಕ ಹಾಕಿದ್ದಾರೆ. ದಕ್ಷಿಣ ಭಾರತದ ಔಷಧ ಸಸ್ಯಗಳ ಸ್ಥಿತಿಯನ್ನು ತೂಗಿ ನೋಡಿದ ತಜ್ಞರು ಇದನ್ನು ‘ತೀವ್ರ ಅಳಿವಿನಂಚು’ ಎಂಬ ವರ್ಗಕ್ಕೆ ಸೇರಿಸಿದರು. 10 ವರ್ಷದಲ್ಲಿ ಅಥವಾ ಮೂರು ತಲೆಮಾರಿನಲ್ಲಿ, ಯಾವುದು ದೀರ್ಘವೋ ಅಷ್ಟರಲ್ಲಿ, ಶೇ 80ರಷ್ಟು ಕುಸಿತ ಕಂಡ ಜೀವಿಗಳು ಬರುವ ವರ್ಗ ಅದು. ಕಾಡಿನಿಂದ ತಂದ ಮರದರಿಶಿನವನ್ನು ಹೊರದೇಶಕ್ಕೆ ಕಳಿಸದಂತೆ ಕೇಂದ್ರ ಸರ್ಕಾರ 1998ರಲ್ಲೇ ತಡೆ ಹಾಕಿತು. ನಿಮ್ಮ ಬೆಟ್ಟದ ಮಟ್ಟಿಗೆ ನಾನು ನಂಬುವುದು ಈ ಹತ್ತಿರದ ಲೆಕ್ಕವನ್ನು.

ಕಡಿಯುವವರು ಹುಡುಕಿಕೊಂಡು ಬರುವುದು ಕಾಂಡದೊಳಗಿನ ಹಳದಿಗೆ. ಅದು ಬರ್ಬೆರಿನ್ ಎಂಬ ಔಷಧಿ ಸತ್ವ. ಆಯುರ್ವೇದದ ದಾರುಹರಿದ್ರ ಹಿಮಾಲಯದ ಮುಳ್ಳುಗಿಡ. ಅದರಲ್ಲಿರುವುದೂ ಇದೇ ಸತ್ವ. ದಕ್ಷಿಣದಲ್ಲಿ ಅದರ ಬದಲಿಗೆ ಮರದರಿಶಿನ ಬಳಕೆಗೆ ಬಂತು. ಸೊಪ್ಪೋ ಹಣ್ಣೋ ಔಷಧಿಯಾಗಿದ್ದರೆ ಕಿತ್ತಷ್ಟೂ ಚಿಗುರಿಕೊಳ್ಳುತ್ತಿತ್ತು. ಇಲ್ಲಿ ಬೇಕಿರುವುದೇ ಕಾಂಡ ಮತ್ತು ಬೇರು.

ಬಳ್ಳಿ ಮರದ ನೆತ್ತಿಗೇರಿ ಕಾಯಿ ಬಿಡಲು ಸುಮಾರು 15 ವರ್ಷ ಬೇಕು. ಕತ್ತಿ ಬೀಳುವುದಕ್ಕೆ ಒಂದು ಗಳಿಗೆ ಸಾಕು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಮರದರಿಶಿನದಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ನಿಮ್ಮ ನಾಲ್ಕೂ ಗಂಡಾಗಿದ್ದರೆ ಅಲ್ಲಿ ಒಂದು ಬೀಜವೂ ಬೀಳುವುದಿಲ್ಲ. ಮೂರು ಗಂಡು, ಒಂದು ಹೆಣ್ಣು ಇದ್ದು ಬಂದವರು ಆ ಒಂದನ್ನೇ ಕಡಿದೊಯ್ದರೆ? ಮೂರು ಬಳ್ಳಿ ಹಸಿರಾಗಿಯೇ ಇರುತ್ತವೆ, ನೋಡಿದವರಿಗೆ ಏನೂ ಆದಂತೆ ಕಾಣುವುದಿಲ್ಲ. ಆದರೆ ಆ ಬೆಟ್ಟದಲ್ಲಿ ಮರದರಿಶಿನದ ಸಂತಾನ ಅಲ್ಲಿಗೆ ಮುಗಿಯಿತು. ಬಳ್ಳಿಗಳನ್ನು ಎಣಿಸಿ ‘ಇನ್ನೂ ಇವೆಯಲ್ಲ’ ಎಂದು ಸಮಾಧಾನ ಪಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

1993ರಿಂದ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಔಷಧ ಸಸ್ಯ ಸಂರಕ್ಷಣೆಯ ಸಂಸ್ಥೆ ಮತ್ತು ಅರಣ್ಯ ಇಲಾಖೆ ಸೇರಿ ಕರ್ನಾಟಕ, ಕೇರಳ, ತಮಿಳುನಾಡಿನ ಕಾಡುಗಳಲ್ಲಿ ಔಷಧ ಸಸ್ಯಗಳಿಗೆಂದೇ ಸಂರಕ್ಷಿತ ತಾಣಗಳನ್ನು ಗುರುತಿಸಿವೆ. ಒಳ್ಳೆಯ ಕೆಲಸ. ಆದರೆ ಆ ಗಡಿಯ ಹೊರಗಿರುವ ನಿಮ್ಮಂಥವರ ಬೆಟ್ಟದ ಬಳ್ಳಿಗೆ ನೀವೇ ಕಾವಲು.

ಬಂದವರಿಗೆ ‘ಕೊಡುವುದಿಲ್ಲ’ ಎಂದೇ ಹೇಳಿ ಕಳಿಸಿ. ಸೊಪ್ಪಿನಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಸವಲತ್ತು; ಬಳ್ಳಿ ಮಾರುವ ಹಕ್ಕು ಅದರಲ್ಲಿಲ್ಲ. ಮಗನನ್ನು ಕರೆದುಕೊಂಡು ಹೋಗಿ ನಾಲ್ಕೂ ಬಳ್ಳಿಗಳಿಗೆ ಗುರುತು ಮಾಡಿ. ಕಂದು ಬಣ್ಣದ, ನುಣ್ಣನೆ ರೋಮವಿರುವ ದುಂಡು ಕಾಯಿ ಯಾವುದರಲ್ಲಿ ಗೊಂಚಲಾಗಿ ಕಾಣುತ್ತದೋ ಅದು ಹೆಣ್ಣು. ಅದರ ಬುಡದಲ್ಲಿ ಬಿದ್ದ ಬೀಜ ನೆಟ್ಟು ನೋಡುವುದಾದರೆ, ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬೇಸರಪಟ್ಟು ಮಣ್ಣು ಚೆಲ್ಲಬೇಡಿ. ಕಾಯಿ ಕಂಡ ದಿನ ನಮಗೊಂದು ಕಾಗದ ಹಾಕಿ.